ಜೂನ್‌ನ ಫೀಸು, ನವೆಂಬರ್‌ನ ಮೆಕ್ಕೆಜೋಳ: ಮಕ್ಕಳ ಜೀವನಾಂಶದ ಲೆಕ್ಕ

ದಾವಣಗೆರೆಯ ಯಾವ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಸರಿ, ಯಾರದ್ದಾದರೂ ಡೈವೋರ್ಸ್ ಸುದ್ದಿ ಬಂತು ಅಂದರೆ ಮುಂದಿನ ಪ್ರಶ್ನೆ ಒಂದೇ. "ಅವಳಿಗೆ ಎಷ್ಟು ಕೊಡ್ತಾನಂತೆ?" ಯಾರೋ ಒಂದು ಮೊತ್ತ ಹೇಳುತ್ತಾರೆ. ಪಕ್ಕದವರು ಅದಕ್ಕೆ ಇನ್ನೊಂದು ಸೊನ್ನೆ ಸೇರಿಸುತ್ತಾರೆ. ಗಂಡಿನ ಕಡೆಯವರು "ಪಾಪ, ಹುಡುಗನ ಜೀವನಾನೇ ಹಾಳಾಯ್ತು" ಅನ್ನುತ್ತಾರೆ. ಹೆಣ್ಣಿನ ಕಡೆಯವರು "ಈಗಿನ ಕಾಲಕ್ಕೆ ಅಷ್ಟರಲ್ಲಿ ಏನಾಗುತ್ತೆ" ಅನ್ನುತ್ತಾರೆ. ಪಾಯಸ ಬರುವ ಹೊತ್ತಿಗೆ ಯಾರದು ತಪ್ಪು ಅನ್ನುವ ತೀರ್ಪೂ ಆಗಿರುತ್ತದೆ. ಮಗು ಮಾತ್ರ ಮಾತಿನಲ್ಲಿ ಬರುವುದೇ ಇಲ್ಲ. ಬಂದರೂ "ತಾಯಿ ಹತ್ರ ಇದೆಯಂತೆ", ಅಲ್ಲಿಗೆ ಮುಗಿಯಿತು.

ನಾನು ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಫೀಸ್ ಕೌಂಟರ್‌ನಲ್ಲಿ ಕೂರುವವಳು. ಅಪ್ಪ ಅಮ್ಮ ಬೇರೆಯಾದ ವಿಷಯ ಎಷ್ಟೋ ಸಲ ಟೀಚರ್‌ಗಳಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಮೆಸೇಜ್ ಹೋಗುವ ಮೊಬೈಲ್ ನಂಬರ್ ಬದಲಾಯಿಸಿ ಅಂತ ಒಂದು ಅರ್ಜಿ ಬರುತ್ತದೆ. ವ್ಯಾನ್ ಸ್ಟಾಪ್ ವಿದ್ಯಾನಗರದಿಂದ ನಿಟ್ಟುವಳ್ಳಿಗೆ ಹೋಗುತ್ತದೆ. ಅಪ್ಪ ಫೋನ್‌ಪೇ ಮಾಡುತ್ತಿದ್ದ ಫೀಸನ್ನು ತಾಯಿಯ ಅಪ್ಪ ಬಂದು ಟೇಬಲ್ ಮೇಲೆ ನೋಟು ಎಣಿಸಿ ಕಟ್ಟುತ್ತಾರೆ. ನಾವು ಏನೂ ಕೇಳುವುದಿಲ್ಲ. ರಸೀದಿ ಹರಿದು ಕೊಡುತ್ತೇವೆ.

ಆಮೇಲೆ ಶುರುವಾಗುತ್ತದೆ ರಸೀದಿಯ ಕಥೆ. "ಮೇಡಂ, ರಸೀದಿ ನನ್ನ ಹೆಸರಲ್ಲೇ ಬರಲಿ, ಕೋರ್ಟಿಗೆ ಬೇಕು" ಅನ್ನುತ್ತಾರೆ ಅಪ್ಪ. ಅದೇ ವಾರ ಅಮ್ಮ ಫೋನ್ ಮಾಡುತ್ತಾರೆ: "ಅವರು ಎಷ್ಟು ಕಟ್ಟಿದ್ದಾರೆ ಅಂತ ಬರೆದು ಕೊಡ್ತೀರಾ?" ಎರಡೂ ಕಡೆಗೆ ಒಂದೇ ಲೆಡ್ಜರ್ ಪ್ರಿಂಟ್ ಕೊಡುತ್ತೇವೆ. ಅಪ್ಪ ಅದನ್ನು ತೋರಿಸಿ "ನೋಡಿ, ಎಲ್ಲಾ ನಾನೇ ಕಟ್ಟಿದ್ದೀನಿ, ಇನ್ನೇನು ಬೇಕು" ಅನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ಸುಮ್ಮನಿರಲು ಕಷ್ಟ. ಯಾಕೆಂದರೆ ಆ ಲೆಡ್ಜರ್‌ನಲ್ಲಿ ಏನಿಲ್ಲ ಅನ್ನುವುದು ಅದನ್ನು ಬರೆಯುವ ನಮಗೇ ಚೆನ್ನಾಗಿ ಗೊತ್ತು. ವ್ಯಾನ್ ಬಾಡಿಗೆ ಅದರಲ್ಲಿಲ್ಲ, ಅದು ಡ್ರೈವರ್ ಕೈಗೆ ಹೋಗುತ್ತದೆ. ಆರು ತಿಂಗಳಿಗೆ ಬಿಗಿಯಾಗುವ ಶೂ ಇಲ್ಲ. ಟ್ಯೂಷನ್ ಇಲ್ಲ. ಮಳೆಗಾಲದ ಜ್ವರ, ಕನ್ನಡಕ, ಹುಳುಕು ಹಲ್ಲು ಇಲ್ಲ. ಸಂಜೆ ಮನೆಗೆ ಬಂದ ಕೂಡಲೇ "ಅಮ್ಮ ಹಸಿವು" ಅನ್ನುವ ಬಾಯಿಗೆ ಹಾಕುವ ಮಂಡಕ್ಕಿ, ಮಿರ್ಚಿ ಇಲ್ಲ. ಮಗು ಮಲಗುವ ಮನೆಯ ಬಾಡಿಗೆಯಲ್ಲೂ, ಅದು ಓದುವ ಲೈಟಿನ ಕರೆಂಟ್ ಬಿಲ್ಲಿನಲ್ಲೂ ಮಗುವಿನ ಪಾಲಿದೆ. ಅದಕ್ಕೆ ಯಾರೂ ರಸೀದಿ ಹರಿಯುವುದಿಲ್ಲ.

ಕಾನೂನಿನ ವಿಷಯ ನನಗೆ ಗೊತ್ತಾಗಿದ್ದು ಚಿಕ್ಕಮ್ಮನ ಮಗಳ ಕೇಸಿನಿಂದ. ಅವಳ ಜೊತೆ ವಕೀಲರ ಆಫೀಸಿಗೆ, ಕೋರ್ಟಿಗೆ ಓಡಾಡಿದವಳು ನಾನೇ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ ಅಕ್ಕ, ಆದ್ರೆ ಊರು, ಹೆಸರು, ದುಡ್ಡಿನ ಮೊತ್ತ ಬೇಡ" ಅಂದಿದ್ದಾಳೆ. ಹಾಗಾಗಿ ಅವು ಮೂರೂ ಇಲ್ಲಿಲ್ಲ.

ಮೊದಲ ದಿನ ವಕೀಲರು ಕೇಳಿದ್ದು, "125 ಹಾಕೋಣ ಅಲ್ವಾ?" ಅಂತ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವುದು ಇದೇ ನಂಬರ್. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅದು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಇದು 144ನೇ ಸೆಕ್ಷನ್. ಆದರೂ ಕೋರ್ಟಿನ ಕಾರಿಡಾರಿನಲ್ಲಿ 125 ಅಂದರೇನೇ ಅರ್ಥವಾಗುವುದು. ಕೈಯಲ್ಲಿ ಹಣವಿದ್ದೂ ಹೆಂಡತಿಯನ್ನೋ ಮಕ್ಕಳನ್ನೋ ವಯಸ್ಸಾದ ಅಪ್ಪ ಅಮ್ಮನನ್ನೋ ನೋಡಿಕೊಳ್ಳದೆ ಬಿಟ್ಟವರಿಂದ ತಿಂಗಳ ಖರ್ಚು ಕೊಡಿಸುವ ಸೆಕ್ಷನ್ ಅದು. ಇದಕ್ಕೆ ಜಾತಿ ಧರ್ಮ ಇಲ್ಲ. ಮದುವೆಯಾಗದೆ ಹುಟ್ಟಿದ ಮಗುವಿಗೂ ಸಿಗುತ್ತದೆ. ಮುಸ್ಲಿಂ ಮಕ್ಕಳಿಗೂ ಈ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಡೈವೋರ್ಸ್ ಆಗಿರಲೇಬೇಕು ಅಂತಲೂ ಇಲ್ಲ. ಬೇರೆ ಇದ್ದರೂ ಸಾಕು. ಗಂಡನ ಊರಿನ ಕೋರ್ಟಿಗೇ ಅಲೆಯಬೇಕಾಗಿಯೂ ಇಲ್ಲ. ಹೆಂಡತಿ ಈಗ ಎಲ್ಲಿ ವಾಸವಿದ್ದಾಳೋ ಅಲ್ಲೇ ಅರ್ಜಿ ಹಾಕಬಹುದು.

ಈ ಸೆಕ್ಷನ್ನಿನ ಹಳೆ ಕಥೆಯೊಂದು ಕೇಳಿ ನಾನು ಬೆಪ್ಪಾದೆ. 2001ರವರೆಗೆ ಇದರಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಕೊಡಿಸುವಂತೆಯೇ ಇರಲಿಲ್ಲವಂತೆ. ಆ ವರ್ಷ ತಿದ್ದುಪಡಿ ತಂದು ಮಿತಿ ತೆಗೆದರು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟೂ ತೀರ್ಮಾನಿಸಬೇಕು ಅಂತಲೂ ಸೇರಿಸಿದರು. ಈ "ಆದಷ್ಟೂ" ಅನ್ನುವುದರಲ್ಲಿ ಎಷ್ಟು ತಿಂಗಳು ಹಿಡಿಯುತ್ತವೆ ಅನ್ನುವುದನ್ನು ಕೇಸ್ ಹಾಕಿದವರನ್ನೇ ಕೇಳಬೇಕು.

125 ಒಂದೇ ದಾರಿ ಅಲ್ಲ. ಡೈವೋರ್ಸ್ ಕೇಸ್ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ ಮಕ್ಕಳ ಪಾಲನೆ, ಖರ್ಚು, ಓದು ಮೂರಕ್ಕೂ ಅದೇ ಕೋರ್ಟ್ ಆದೇಶ ಮಾಡಬಹುದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಇದೆ. ಮನೆಯಲ್ಲಿ ಹೊಡೆತ ಬಡಿತ ಇದ್ದು ಹೊರಗೆ ಬಂದವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮಕ್ಕಳ ಖರ್ಚನ್ನೂ ಸೇರಿಸಿ ಕೇಳಬಹುದು. ಎರಡು ಮೂರು ಕಡೆ ಹಾಕಿದರೆ ಎರಡು ಮೂರು ಪಟ್ಟು ಸಿಗುತ್ತದೆ ಅಂತೇನಿಲ್ಲ. ಒಂದು ಕಡೆ ಆದ ಆದೇಶವನ್ನು ಇನ್ನೊಂದು ಕಡೆ ಹೇಳಲೇಬೇಕು, ಮೊದಲನೆಯದನ್ನು ಲೆಕ್ಕಕ್ಕೆ ಹಿಡಿದೇ ಎರಡನೆಯದನ್ನು ತೀರ್ಮಾನಿಸುತ್ತಾರೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಎಷ್ಟು?

ಇದಕ್ಕೆ ಸೂತ್ರ ಇಲ್ಲ. ಕೆಲವು ದೇಶಗಳಲ್ಲಿ ಸಂಬಳಕ್ಕೆ ಇಷ್ಟು, ಮಕ್ಕಳು ಇಷ್ಟು ಜನ ಇದ್ದರೆ ಇಷ್ಟು ಅಂತ ಪಟ್ಟಿಯೇ ಇದೆ. ನಮ್ಮಲ್ಲಿ ಹಾಗಿಲ್ಲ. ಕಾಲು ಭಾಗ ಸಂಬಳ ಅನ್ನುವ ಮಾತು ತುಂಬಾ ಜನ ಹೇಳುತ್ತಾರೆ. ಅದು 2017ರಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಯ ಜೀವನಾಂಶದ ಒಂದು ಕೇಸಿನಲ್ಲಿ ಹೇಳಿದ್ದು. ಅದನ್ನೇ ಹಿಡಿದುಕೊಂಡು "ಕಾಲು ಭಾಗದಲ್ಲಿ ಹೆಂಡತಿ ಮಕ್ಕಳು ಎಲ್ಲಾ ಬಂತು" ಅಂತ ವಾದ ಮಾಡುವವರಿದ್ದಾರೆ. ಕೋರ್ಟ್ ನೋಡುವುದು ಬೇರೆ. ಅಪ್ಪನ ಆದಾಯ ಎಷ್ಟು, ಅಮ್ಮನದು ಎಷ್ಟು, ಮಗು ಇಲ್ಲಿಯವರೆಗೆ ಹೇಗೆ ಬೆಳೆಯಿತು, ಯಾವ ಶಾಲೆ, ಆರೋಗ್ಯ ಹೇಗಿದೆ, ಅಪ್ಪ ಇನ್ನೂ ಯಾರನ್ನು ಸಾಕಬೇಕು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬೇಕಂತಲೇ ಕಾರು ಲೋನ್, ಚೀಟಿ, ಎಲ್ಲಾ ತೋರಿಸಿ "ಕೈಗೆ ಏನೂ ಉಳಿಯಲ್ಲ ಸ್ವಾಮಿ" ಅಂದರೆ ಸುಲಭಕ್ಕೆ ಒಪ್ಪುವುದಿಲ್ಲ. ಗಟ್ಟಿಮುಟ್ಟಾಗಿರುವವನು "ಕೆಲಸ ಇಲ್ಲ" ಅಂತ ಕೈ ಎತ್ತಿದರೆ, ಕೂಲಿ ಮಾಡಿಯಾದರೂ ಸಾಕಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಂಬಳದವರ ಲೆಕ್ಕ ಹೇಗೋ ಆಗುತ್ತದೆ. ಸ್ಲಿಪ್ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ ಇರುತ್ತದೆ. ನಮ್ಮ ಜಿಲ್ಲೆಯ ತೊಡಕು ಜಮೀನಿನವರದು.

ಚಿಕ್ಕಮ್ಮನ ಮಗಳ ಗಂಡನದು ಅದೇ ಕಥೆ. ಮಳೆ ನಂಬಿದ ಖುಷ್ಕಿ ಹೊಲದಲ್ಲಿ ಮೆಕ್ಕೆಜೋಳ, ಬೋರ್‌ವೆಲ್ ಕೆಳಗೆ ಒಂದಿಷ್ಟು ಅಡಿಕೆ. ಬಿಡುವಿದ್ದಾಗ ಬೇರೆಯವರ ಹೊಲಕ್ಕೆ ಟ್ರ್ಯಾಕ್ಟರ್ ಬಾಡಿಗೆ ಹೊಡೆಯುವುದು. ಕೋರ್ಟಿನಲ್ಲಿ ಹೇಳಿದ್ದು, "ನನ್ನ ಹೆಸರಲ್ಲಿ ಒಂದು ಗುಂಟೆ ಜಮೀನೂ ಇಲ್ಲ." ಅದು ಸುಳ್ಳೂ ಅಲ್ಲ! ಪಹಣಿ ತೆಗೆಸಿದರೆ ಎಲ್ಲಾ ಅವರ ಅಪ್ಪಾಜಿಯ ಹೆಸರಲ್ಲಿ. ಟ್ರ್ಯಾಕ್ಟರ್ ಅಣ್ಣನ ಹೆಸರಲ್ಲಿ. ಅಡಿಕೆ ಚೇಣಿಗೆ, ಅಂದರೆ ಫಸಲು ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಟ್ಟಿದ್ದು, ದುಡ್ಡು ಚೇಣಿದಾರನಿಂದ ಕೈಗೆ ಬಂದಿದ್ದು. ಮೆಕ್ಕೆಜೋಳದ ಮಂಡಿ ಚೀಟಿಯೂ ಅಪ್ಪಾಜಿಯದೇ. ಕಾಗದದ ಪ್ರಕಾರ ಆ ಮನುಷ್ಯ ಏನೂ ಇಲ್ಲದವನು. ಊರಿನ ಯಾರನ್ನು ಕೇಳಿದರೂ ಅನುಕೂಲಸ್ಥ ಮನೆತನ ಅನ್ನುತ್ತಾರೆ.

ಇಲ್ಲಿ ನೆರವಿಗೆ ಬಂದದ್ದು ಸುಪ್ರೀಂ ಕೋರ್ಟಿನ ಒಂದು ತೀರ್ಪು. ರಜನೇಶ್ ವಿರುದ್ಧ ನೇಹಾ, 2020ರ ನವೆಂಬರ್ 4. ಜೀವನಾಂಶ ಕೇಳುವವರು, ಕೊಡಬೇಕಾದವರು ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು ಅಂತ ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿದ ತೀರ್ಪು ಅದು. ನಮೂನೆಯನ್ನೂ ತೀರ್ಪಿಗೇ ಲಗತ್ತಿಸಿದ್ದಾರೆ. ಅದರಲ್ಲಿ ಬೇಸಾಯಗಾರರಿಗೆ ಅಂತಲೇ ಒಂದು ಪ್ರತ್ಯೇಕ ನಮೂನೆ ಇದೆ. ಎಷ್ಟು ಜಮೀನು, ಅದರಲ್ಲಿ ನಿಮ್ಮ ಪಾಲು ಎಷ್ಟು, ಖುಷ್ಕಿಯೋ ತರಿಯೋ, ಏನು ಬೆಳೆಯುತ್ತೀರಿ, ದನ, ಎಮ್ಮೆ, ಆಡು, ಕೋಳಿ ಎಷ್ಟಿವೆ, ಅದರಿಂದ ಏನು ಬರುತ್ತದೆ, ಜಮೀನಿನ ಮೇಲೆ ಸಾಲ ಇದೆಯಾ, ಹೀಗೆ ಕೇಳುತ್ತಾ ಹೋಗುತ್ತದೆ. ವಕೀಲರ ಆಫೀಸಿನಲ್ಲಿ ಅದನ್ನು ಓದುತ್ತಾ ಚಿಕ್ಕಪ್ಪ ನಕ್ಕುಬಿಟ್ಟರು. "ಇದು ಗ್ರಾಮಲೆಕ್ಕಿಗ ಕೇಳಿದ ಹಾಗೇ ಇದೆಯಲ್ರೀ" ಅಂದರು.

ಸುಳ್ಳು ಬರೆದರೆ? ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಬೇರೆ ಕ್ರಮ ಎದುರಿಸಬೇಕಾಗುತ್ತದೆ. ಪಿತ್ರಾರ್ಜಿತ ಜಮೀನು ಅಪ್ಪನ ಹೆಸರಲ್ಲಿದ್ದರೂ ಮಗನಿಗೆ ಅದರಲ್ಲಿ ಪಾಲು ಇರುತ್ತದೆ, ಆ ಕಾಲಮ್ಮಿನಲ್ಲಿ ಅದನ್ನು ಬರೆಯಬೇಕು. ನಮ್ಮ ವಕೀಲರು ಪಹಣಿಯನ್ನು ಆನ್‌ಲೈನ್‌ನಲ್ಲೇ ತೆಗೆದರು. ಬೆಳೆ ಕಾಲಮ್ಮಿನಲ್ಲಿ ಅಡಿಕೆ ಇತ್ತು. ಟ್ರ್ಯಾಕ್ಟರ್ ಮೇಲೆ ಕೂತು ಯುಗಾದಿಗೆ ಪೂಜೆ ಮಾಡಿದ ಫೋಟೋ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲೇ ಇತ್ತು. ದೊಡ್ಡ ಪತ್ತೇದಾರಿ ಏನೂ ಬೇಕಾಗಲಿಲ್ಲ.

ಆ ತೀರ್ಪಿನ ಒಳಗಿನ ಕಥೆಯೂ ಹೇಳಬೇಕು. ಮಗು ಹುಟ್ಟಿದ ಸ್ವಲ್ಪ ದಿನಕ್ಕೆ, 2013ರಲ್ಲಿ, ತಾಯಿ ಅರ್ಜಿ ಹಾಕಿದ್ದರು. ಮಗುವಿಗೆ ಮೊದಲು ತಿಂಗಳಿಗೆ 5,000, ಆಮೇಲೆ 10,000 ರೂಪಾಯಿ ಅಂತ ಆದೇಶವೂ ಆಗಿತ್ತು. ಆದರೂ ಮಧ್ಯಂತರ ಜೀವನಾಂಶದ ಆ ವಿಷಯವೇ ಏಳು ವರ್ಷ ಕೋರ್ಟುಗಳಲ್ಲಿ ಉಳಿಯಿತು. ಮಧ್ಯಂತರ ಅಂದರೆ ಕೇಸ್ ಮುಗಿಯುವವರೆಗೆ ಕೈಹಿಡಿಯಲಿ ಅಂತ ಕೊಡುವ ದುಡ್ಡು. ಏಳು ವರ್ಷದಲ್ಲಿ ತೊಟ್ಟಿಲ ಮಗು ಎರಡನೇ ಕ್ಲಾಸಿಗೆ ಬಂದಿರುತ್ತದೆ. ಬಹುಶಃ ಅದಕ್ಕೇ ಅದೇ ತೀರ್ಪಿನಲ್ಲಿ ಇನ್ನೊಂದು ಮುಖ್ಯ ಮಾತು ಬಂತು: ಜೀವನಾಂಶ ಆದೇಶವಾದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ. ವಾಯಿದೆ ಮೇಲೆ ವಾಯಿದೆ ತಗೊಂಡು ಎಳೆದರೆ ದುಡ್ಡು ಉಳಿಯುತ್ತದೆ ಅಂದುಕೊಂಡವರಿಗೆ ಇದು ಬಿಸಿ ಮುಟ್ಟಿಸಿದೆ.

ನಮ್ಮ ಕೇಸಿನಲ್ಲಿ ಮೊತ್ತಕ್ಕಿಂತ ಜಾಸ್ತಿ ಜಗಳ ಆದದ್ದು ತಿಂಗಳ ಮೇಲೆ. ಮೆಕ್ಕೆಜೋಳ ಬಿತ್ತುವುದು ಜೂನ್ ಹೊತ್ತಿಗೆ. ಕೈಗೆ ಬರುವುದು ಅಕ್ಟೋಬರ್, ನವೆಂಬರ್‌ಗೆ. ಜೂನ್‌ನಲ್ಲಿ ರೈತನ ಕೈಯಲ್ಲಿದ್ದ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಶಾಲೆ ಫೀಸು, ಯೂನಿಫಾರ್ಮು, ಪುಸ್ತಕ ಎಲ್ಲ ಬರುವುದೂ ಅದೇ ಜೂನ್‌ನಲ್ಲಿ. ನನ್ನ ಕೌಂಟರಿನ ಮುಂದೆ "ಮೇಡಂ, ಜೋಳ ಬರ್ಲಿ, ಕಟ್ತೀವಿ" ಅನ್ನುವ ಅಪ್ಪಂದಿರು ಎಷ್ಟೋ ಜನ. ಹೆಂಡತಿ ಜೊತೆ ಸುಖವಾಗಿ ಸಂಸಾರ ಮಾಡುತ್ತಿರುವವರೂ ಅದನ್ನೇ ಅನ್ನುತ್ತಾರೆ. ಹಾಗಾಗಿ ಅವನು "ತಿಂಗಳು ತಿಂಗಳು ಎಲ್ಲಿಂದ ತರ್ಲಿ" ಅಂದಾಗ ನನಗೆ ಪೂರ್ತಿ ನೆಪ ಅನ್ನಿಸಲಿಲ್ಲ. ನನ್ನ ತಂಗಿಗೆ ಅನ್ನಿಸಿತು. ಅವಳ ಕಷ್ಟ ಅವಳಿಗೆ. ಮಗು ಊಟ ಮಾಡುವುದು ನವೆಂಬರ್‌ನಲ್ಲಿ ಮಾತ್ರ ಅಲ್ಲವಲ್ಲ.

ಕೊನೆಗೆ ಮಧ್ಯಸ್ಥಿಕೆಯಲ್ಲಿ ಒಂದು ದಾರಿ ಸಿಕ್ಕಿತು. ತಿಂಗಳಿಗೆ ಒಂದು ಸಣ್ಣ ಮೊತ್ತ, 10ನೇ ತಾರೀಖಿನೊಳಗೆ ಅವಳ ಖಾತೆಗೆ. ಶಾಲೆಯ ಫೀಸನ್ನು ಅವನೇ ನೇರವಾಗಿ ಶಾಲೆಗೆ ಎರಡು ಕಂತಿನಲ್ಲಿ ಕಟ್ಟುವುದು, ಮೊದಲ ಕಂತು ಜೂನ್‌ನಲ್ಲಿ ಚಿಕ್ಕದು, ಎರಡನೆಯದು ಡಿಸೆಂಬರ್‌ನಲ್ಲಿ ದೊಡ್ಡದು. ಸುಗ್ಗಿ ಆದ ಮೇಲೆ ಬಟ್ಟೆಬರೆ, ಔಷಧಿ ಅಂತ ಒಂದು ಗಂಟು. ಬರ ಬಂದರೂ ತಿಂಗಳ ಮೊತ್ತ ನಿಲ್ಲಿಸುವ ಹಾಗಿಲ್ಲ. ದೊಡ್ಡ ಮೊತ್ತದ ಆದೇಶ ತಗೊಂಡು ಪ್ರತಿ ತಿಂಗಳು ವಸೂಲಿಗೆ ಓಡಾಡುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ. ಚಿಕ್ಕಮ್ಮ ಇವತ್ತಿಗೂ ಒಪ್ಪುವುದಿಲ್ಲ. "ಇನ್ನೂ ಜಾಸ್ತಿ ಕೇಳ್ಬೇಕಿತ್ತು" ಅನ್ನುತ್ತಾರೆ.

ಮಾತು ಬಂದಾಗ ಹೇಳಿಬಿಡುತ್ತೇನೆ. ತಂಗಿ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಹೋಗುತ್ತಾಳೆ. "ಅವಳೇ ದುಡೀತಾಳಲ್ಲ, ನಾನ್ಯಾಕೆ ಕೊಡ್ಲಿ" ಅನ್ನುವ ವಾದ ಆ ಕಡೆಯಿಂದ ಬಂದೇ ಬಂತು. ಹೆಂಡತಿಯ ದುಡಿಮೆ ಹೆಂಡತಿಯ ಜೀವನಾಂಶದ ಮೊತ್ತವನ್ನು ಕಡಿಮೆ ಮಾಡಬಹುದು. ಮಗುವಿನ ಹಕ್ಕು ಬೇರೆ. 1956ರ ಕಾಯ್ದೆ ಮಕ್ಕಳನ್ನು ಸಾಕುವ ಹೊಣೆಯನ್ನು ಅಪ್ಪ ಅಮ್ಮ ಇಬ್ಬರ ಮೇಲೂ ಹಾಕಿದೆ, ಆದರೆ ಇಬ್ಬರಿಗೂ ಸಮಸಮ ಅಂತ ಹೇಳಿಲ್ಲ. ಅಪ್ಪ ಅಮ್ಮ ಇಬ್ಬರೂ ಸಂಬಳದಲ್ಲಿದ್ದ ಒಂದು ಕೇಸಿನಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಇಬ್ಬರ ಸಂಬಳ ನೋಡಿ ಮಕ್ಕಳ ಖರ್ಚನ್ನು ಅಪ್ಪ ಎರಡು ಪಾಲು, ಅಮ್ಮ ಒಂದು ಪಾಲು ಹೊರಲಿ ಅಂತ ಹಂಚಿತು. ನನಗೆ ಈ ರೀತಿ ಹಿಡಿಸಿತು. ಇನ್ನೊಂದು ಸಂಗತಿಯನ್ನು ಯಾವ ನಮೂನೆಯಲ್ಲೂ ತುಂಬಲು ಬರುವುದಿಲ್ಲ. ರಾತ್ರಿ ಹೋಂವರ್ಕ್ ಮಾಡಿಸುವುದು, ಜ್ವರ ಬಂದಾಗ ಅಂಗಡಿಗೆ ರಜೆ ಹಾಕಿ ಸಂಬಳ ಕಟ್ ಮಾಡಿಸಿಕೊಳ್ಳುವುದು, ಪೇರೆಂಟ್ಸ್ ಮೀಟಿಂಗಿಗೆ ಓಡಿ ಬರುವುದು, ಇವೂ ಕೊಡುವ ಲೆಕ್ಕವೇ.

ಈಗ ನಮ್ಮ ಊರುಗಳಲ್ಲಿ ಜಾಸ್ತಿ ನಡೆಯುವ ಸಂಗತಿಗೆ ಬರುತ್ತೇನೆ. ರಾಜಿ ಪಂಚಾಯ್ತಿ. ಎರಡೂ ಕಡೆಯ ಹಿರಿಯರು ಕೂರುತ್ತಾರೆ. ಕೊಟ್ಟ ಬಂಗಾರ ವಾಪಸ್, ಮದುವೆ ಖರ್ಚಿಗೆ ಇಷ್ಟು, ಮಗು ತಾಯಿಗೆ. ಹುಡುಗಿಯ ಬಾಯಲ್ಲಿ ಆ ಹೊತ್ತಿಗೆ ಒಂದೇ ಮಾತು. "ನಂಗೇನೂ ಬೇಡ, ಮಗು ಕೊಟ್ರೆ ಸಾಕು." ಕೂತವರೆಲ್ಲ ತಲೆಯಾಡಿಸುತ್ತಾರೆ. ಸ್ವಾಭಿಮಾನದ ಹುಡುಗಿ ಅನ್ನುತ್ತಾರೆ. ಬಾಂಡ್ ಪೇಪರ್ ಮೇಲೆ "ಮುಂದೆ ಮಗುವಿನ ಬಾಬ್ತು ಏನನ್ನೂ ಕೇಳುವುದಿಲ್ಲ" ಅಂತ ಬರೆದು ಸಹಿ ಹಾಕಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಹುಡುಗಿ ತನ್ನದನ್ನು ಬಿಡಲಿ, ಅದು ಅವಳಿಷ್ಟ. ಆದರೆ ಮಗುವಿನದನ್ನು ಬಿಡಲು ಅವಳು ಯಾರು? ಕೂತ ಹಿರಿಯರು ಯಾರು? ಕೋರ್ಟುಗಳೂ ಮತ್ತೆ ಮತ್ತೆ ಇದನ್ನೇ ಹೇಳಿವೆ. ತಾಯಿ ಬರೆದುಕೊಟ್ಟ ಮಾತ್ರಕ್ಕೆ ಮಗುವಿನ ಹಕ್ಕು ಹೋಗುವುದಿಲ್ಲ, ಮಗುವಿನ ಪರವಾಗಿ ಆಮೇಲೂ ಅರ್ಜಿ ಹಾಕಬಹುದು. ಇಬ್ಬರೂ ಒಪ್ಪಿ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ನಿನಲ್ಲಿ ಡೈವೋರ್ಸ್ ತಗೊಳ್ಳುವಾಗಲೂ ಇದು ಅನ್ವಯ. ಆಗಲೇ ಮಗುವಿನ ಸಾಲನ್ನು ಸರಿಯಾಗಿ ಬರೆಸಿಬಿಟ್ಟರೆ ಮುಂದಿನ ಓಡಾಟ ಉಳಿಯುತ್ತದೆ. ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ಆಸ್ಪತ್ರೆ ಖರ್ಚು ಬಂದರೆ ಯಾರು ಎಷ್ಟು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಆದೇಶ ಆಗಿಯೂ ಕೊಡದಿದ್ದರೆ ಏನು? ಬಾಕಿ ವಸೂಲಿಗೆ ಅರ್ಜಿ ಹಾಕಬೇಕು. ಕಾರಣವಿಲ್ಲದೆ ಕೊಡದೆ ಉಳಿಸಿಕೊಂಡರೆ ವಾರಂಟ್, ಆಮೇಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಕೆಲವರು "ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ" ಅಂದುಕೊಂಡಿರುತ್ತಾರೆ. ಚುಕ್ತಾ ಆಗುವುದಿಲ್ಲ. ಜೈಲು ಅನ್ನುವುದು ದುಡ್ಡು ಕೊಡುವಂತೆ ಮಾಡುವ ದಾರಿ ಅಷ್ಟೇ, ದುಡ್ಡು ಹಾಗೇ ಬಾಕಿ ಇರುತ್ತದೆ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಇಲ್ಲಿ ಗಡುವು ಒಂದಿದೆ, ಗಮನ ಇರಲಿ. 144ರಲ್ಲಿ ವಾರಂಟ್ ಕೇಳಬೇಕಾದರೆ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಪಾಪ, ಈ ವರ್ಷ ಬೆಳೆ ಇಲ್ಲ, ಮುಂದಿನ ವರ್ಷ ಕೊಡ್ತಾನೆ" ಅಂತ ಸುಮ್ಮನಿದ್ದು ಕೈಚೆಲ್ಲಿ ಕೂತವರನ್ನು ನೋಡಿದ್ದೇನೆ. ಕರುಣೆ ಇರಲಿ, ಅರ್ಜಿಯೂ ಇರಲಿ.

ಕೊಡುವ ಅಪ್ಪಂದಿರಿಗೂ ಒಂದು ಮಾತು. ಕೈಯಲ್ಲಿ ಕೊಡಬೇಡಿ. ಮಗುವಿನ ಜೇಬಿಗೆ ಐನೂರರ ನೋಟು ತುರುಕಿದರೆ ಅದು ಪ್ರೀತಿ ಇರಬಹುದು, ಜೀವನಾಂಶದ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿಗೇ ಹಾಕಿ. ಯುಪಿಐ ಮಾಡುವಾಗ ಕೆಳಗೆ ಯಾವ ತಿಂಗಳದು ಅಂತ ಒಂದು ಸಾಲು ಬರೆಯಿರಿ. ನಿಜವಾಗಿಯೂ ಕೊಡಲು ಆಗದ ಸ್ಥಿತಿ ಬಂದರೆ, ಕೆಲಸ ಹೋದರೆ, ಕಾಯಿಲೆ ಬಿದ್ದರೆ, ಮೊತ್ತ ಬದಲಾಯಿಸಿ ಅಂತ ಕೋರ್ಟನ್ನೇ ಕೇಳಬಹುದು. ಮೊದಲು 127, ಈಗ 146ನೇ ಸೆಕ್ಷನ್. ತಾವೇ ಕೊಡುವುದು ನಿಲ್ಲಿಸಿದರೆ ಮಾತ್ರ ಬಾಕಿ ಏರುತ್ತಾ ಹೋಗುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿಗೆ ಬೇಯುವ ಅಪ್ಪನನ್ನೂ, ಮೂರು ಬೋರ್‌ವೆಲ್ ಇರುವ ಅಪ್ಪನನ್ನೂ ಒಂದೇ ಅಳತೆಯಲ್ಲಿ ಅಳೆಯಲು ಕಾನೂನೂ ಹೇಳುವುದಿಲ್ಲ.

ಇನ್ನು ನೋಡುವ ಹಕ್ಕಿನ ಜಗಳ. "ಮಗು ತೋರ್ಸಲ್ಲ, ದುಡ್ಡು ಮಾತ್ರ ಬೇಕಾ?" ಅಂತ ಅಪ್ಪ. "ದುಡ್ಡು ಕೊಡಲ್ಲ, ಮಗು ಮಾತ್ರ ನೋಡ್ಬೇಕಾ?" ಅಂತ ಅಮ್ಮ. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಒತ್ತಡ ಹಾಕುವ ಹಾಗಿಲ್ಲ. ಭಾನುವಾರ ಗಾಜಿನ ಮನೆಯಲ್ಲೋ ಕುಂದವಾಡ ಕೆರೆ ಏರಿ ಮೇಲೋ ಮಗನ ಜೊತೆ ಎರಡು ಗಂಟೆ ಕಳೆಯುವ ಅಪ್ಪನಿಗೆ ಮಗುವಿನ ಶೂ ಹರಿದಿದ್ದು ಕಾಣುತ್ತದೆ. ತಿಂಗಳುಗಟ್ಟಲೆ ನೋಡದ ಅಪ್ಪನಿಗೆ ಜೀವನಾಂಶ ಅಂದರೆ ಬರೀ ಕೋರ್ಟಿನ ದಂಡ. ಹಾಗಾಗಿ, ಹೊಡೆತ ಬಡಿತದ ಭಯ ಇಲ್ಲದ ಕಡೆ, ಭೇಟಿ ಸರಿಯಾಗಿ ನಡೆದರೆ ದುಡ್ಡೂ ಸರಿಯಾಗಿ ಬರುತ್ತದೆ ಅಂತ ನಾನು ನಂಬಿದ್ದೇನೆ. ಒಂದು ವಿನಂತಿ. ಈ ಜಗಳವನ್ನು ದಯವಿಟ್ಟು ಶಾಲೆ ಗೇಟಿಗೆ ತರಬೇಡಿ. ಯಾರು ಯಾವ ದಿನ ಕರೆದುಕೊಂಡು ಹೋಗಬೇಕು ಅಂತ ಆದೇಶ ಇದ್ದರೆ ಅದರ ಒಂದು ಪ್ರತಿ ಆಫೀಸಿಗೆ ಕೊಟ್ಟಿಡಿ. ವಾಚ್‌ಮನ್ ತೀರ್ಪು ಕೊಡಲು ಆಗುವುದಿಲ್ಲ.

ಹದಿನೆಂಟರ ವಿಷಯ ಹೇಳದಿದ್ದರೆ ಲೆಕ್ಕ ಅರ್ಧ. ಸಾಮಾನ್ಯವಾಗಿ ಮಗುವಿಗೆ 18 ತುಂಬುವವರೆಗೆ ಅಂತ ಆದೇಶ ಇರುತ್ತದೆ. ದೇಹದ ಅಥವಾ ಮನಸ್ಸಿನ ತೊಂದರೆಯಿಂದ ತನ್ನನ್ನು ತಾನು ನೋಡಿಕೊಳ್ಳಲು ಆಗದ ಮಗುವಿಗೆ ಆಮೇಲೂ ಸಿಗುತ್ತದೆ. ಮದುವೆಯಾಗದ, ಸ್ವಂತ ಆದಾಯ ಇಲ್ಲದ ಹಿಂದೂ ಹೆಣ್ಣುಮಗಳು 18 ಆದ ಮೇಲೂ 1956ರ ಕಾಯ್ದೆಯಲ್ಲಿ ಅಪ್ಪನಿಂದ ಕೇಳಬಹುದು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಹೇಳಿದೆ. ಗಂಡುಮಕ್ಕಳ ಕಥೆ ಅಷ್ಟು ಸಲೀಸಲ್ಲ. 18 ತುಂಬುವುದು ಯಾವಾಗ? ಸೆಕೆಂಡ್ ಪಿಯುಸಿ ಆಸುಪಾಸಿನಲ್ಲಿ. ನಮ್ಮದು ಕಾಲೇಜುಗಳ ಊರು, ಕೋಚಿಂಗ್ ಫೀಸು ಎಷ್ಟು ಅಂತ ಯಾರಿಗೂ ಹೇಳಬೇಕಾಗಿಲ್ಲ. ಖರ್ಚು ಏರುವ ಹೊತ್ತಿಗೇ ಆದೇಶ ಮುಗಿಯುತ್ತದೆ. ರಾಜಿ ಬರೆಸುವಾಗಲೇ "ಡಿಗ್ರಿ ಮುಗಿಯುವವರೆಗೆ" ಅಂತ ಒಂದು ಸಾಲು ಸೇರಿಸಿ ಅಂತ ವಕೀಲರು ಹೇಳಿದ್ದು ಇದಕ್ಕೇ. ತಂಗಿ ಸೇರಿಸಿದ್ದಾಳೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯುವವರಿಗೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಪ್ರತಿ ಜಿಲ್ಲೆಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಹಾಯವಾಣಿ 15100.

ತಂಗಿಯ ಮಗ ಈ ವರ್ಷ ಹೈಸ್ಕೂಲಿಗೆ. ಫೀಸು ಏರಿದೆ, ಟ್ಯೂಷನ್ ಎರಡಾಗಿದೆ. ಮೊತ್ತ ಹೆಚ್ಚಿಸಲು ಅರ್ಜಿ ಹಾಕಬೇಕು ಅಂತ ಅವಳು ರಸೀದಿಗಳನ್ನು ಒಂದು ಕವರಿನಲ್ಲಿ ಕೂಡಿಡುತ್ತಿದ್ದಳು. ಅಷ್ಟರಲ್ಲಿ ಅವನಿಂದಲೇ ಮೆಸೇಜ್ ಬಂದಿದೆ. "ಮತ್ತೆ ಕೋರ್ಟು ಕಚೇರಿ ಬೇಡ, ಫೀಸ್ ಸ್ಲಿಪ್ ಕಳ್ಸು, ನಾನೇ ಸೇರ್ಸಿ ಹಾಕ್ತೀನಿ." ಅವಳಿಗೆ ಖುಷಿಯೂ ಆಗಿದೆ, ಅನುಮಾನವೂ ಇದೆ. ವಕೀಲರು ಹೇಳಿದ್ದು ಇಷ್ಟೇ: ಒಪ್ಪಿದ್ದರೆ ತುಂಬಾ ಒಳ್ಳೆಯದು, ಇಬ್ಬರೂ ಸೇರಿ ಒಂದು ಜಾಯಿಂಟ್ ಮೆಮೊ ಹಾಕಿ ಹೊಸ ಮೊತ್ತವನ್ನು ಆದೇಶದಲ್ಲಿ ಸೇರಿಸಿಕೊಳ್ಳಿ. ಮುಂದೆ ಯಾವತ್ತಾದರೂ ಬಾಕಿ ಬಿದ್ದರೆ ವಾರಂಟ್ ಹೊರಡುವುದು ಕೋರ್ಟಿನ ಆದೇಶದ ಮೇಲೆ, ವಾಟ್ಸಾಪ್ ಮೆಸೇಜ್ ಮೇಲೆ ಅಲ್ಲ.